ಸರಿಯಾಗಿ ನಲವತ್ತು

ಪ್ರವಾಸಿ ಹಡಗಿನಿಂದಿಳಿದ ನಲವತ್ತು ವಿದೇಶಿ ಅಜ್ಜಿಯರಿಗೆ ಒಂದೇ ದಿನದಲ್ಲಿ ದೇವಸ್ಥಾನ, ಬಸದಿ, ಚರ್ಚು ತೋರಿಸುವ ಕೆಲಸ ಸುಗಂಧಿಯದು. ಎಲ್ಲರೂ ಸೀರೆಯುಟ್ಟು, ಮಲ್ಲಿಗೆ ಮುಡಿದು, ಕಿಲಕಿಲ ನಗುತ್ತಲೇ ಸುತ್ತಿದರು. ಕೊನೆಯ ಬಸದಿಯಿಂದ ಹೊರಡುವಾಗ ಅವಳು ಬಸ್ಸಿನಲ್ಲಿ ಹಿಂದಿನಿಂದ ತಲೆ ಎಣಿಸಿದಳು. ಸರಿಯಾಗಿ ನಲವತ್ತಿತ್ತು.

ಬಂದರಿನಲ್ಲಿ ಎಲ್ಲರೂ ಇಳಿದರೂ ಒಬ್ಬರು ಸೆರಗು ಹೊದ್ದು ನಿದ್ದೆಹೋಗಿದ್ದರು. ಎಬ್ಬಿಸಿದರೆ, ನಮ್ಮೂರಿನದೇ ಅಜ್ಜಿ!

"ಧರ್ಮಸ್ಥಳ ಬಂತಾ ಮಗಾ?"

ಅಷ್ಟರಲ್ಲಿ ಸುಗಂಧಿಗೆ, ಬಸದಿಯಲ್ಲಿ ಪಕ್ಕ ನಿಂತಿದ್ದ ಯಾತ್ರೆ ಬಸ್ಸಿನ ಕ್ಲೀನರನ ಫೋನು ಬಂತು.

"ಅಕ್ಕಾ, ನಿಮ್ಮ ಒಬ್ಬರು ಬಿಳಿ ಅಮ್ಮ ನಮ್ಮ ಯಾತ್ರೆ ಬಸ್ಸಲ್ಲಿದ್ದಾರೆ. ಭಜನೆಗೆ ತಾಳ ಹಾಕ್ತಿದ್ದಾರೆ. ಇಳೀರಿ ಅಂದ್ರೆ ಇಳಿಯುದೇ ಇಲ್ಲ!"

"ಅಯ್ಯೋ ಅಜ್ಜೀ, ನಿಮ್ಮ ಬಸ್ಸಲ್ಲಿ ನಮ್ಮ ಬಿಳಿ ಅಮ್ಮ ಕೂತಿದ್ದಾರಂತೆ. ಅರ್ಧ ಗಂಟೆಯಲ್ಲಿ ಹಡಗು ಹೊರಡ್ತದೆ. ಈಗ ಎಂತ ಮಾಡುದು?"

ಅಜ್ಜಿ ಕಿಟಕಿಯಿಂದ ಹಡಗನ್ನು ಕಣ್ತುಂಬ ನೋಡಿ, ಚೀಲವನ್ನು ಹೆಗಲಿಗೇರಿಸಿದರು.

"ಅದರಲ್ಲಿ ಅವರ ಕೋಣೆ ಯಾವುದು, ತೋರ್ಸು."