ಎರಡರಿಂದ ಐದರೊಳಗೆ

ಬಸ್ಸಿನ ಬೆನ್ನು ತಿರುವಿನಲ್ಲಿ ಮರೆಯಾಗುವುದನ್ನು ಅವನು ಕಣ್ಣಾರೆ ಕಂಡ. ಹತ್ತೇ ಮಾರು ದೂರ. ಓಡಿದ್ದ, ಕೈ ಬೀಸಿದ್ದ, ಗಂಟಲು ಹರಿಯುವಂತೆ ಕೂಗಿದ್ದ. ಹೆಗಲ ಚೀಲ ಜಗ್ಗಿ ಜಗ್ಗಿ ಓಟವನ್ನೆಲ್ಲ ತಿಂದುಹಾಕಿತ್ತು. ಚೀಲದಲ್ಲಿದ್ದದ್ದು ಒಂಬತ್ತು ಕಿಲೋ, ಮನೆಯಲ್ಲಿ ತೂಗಿ ತುಂಬಿದ್ದು. ‘ಹಳೇ ಪೇಪರ್ ಹೊತ್ಕೊಂಡು ಊರು ಸುತ್ತೋದು ಯಾವ ಸುಖಕ್ಕೆ?’ ಎಂದು ಹೆಂಡತಿ ಕೇಳಿದ್ದಳು.

ಗಂಟೆ ಎರಡು ಇಪ್ಪತ್ತು. ಎರಡಕ್ಕೆ ಸರಿಯಾಗಿ ಕಾರ್ಖಾನೆಯ ಗೇಟು ಬಿಟ್ಟಿದ್ದ. ಐದಕ್ಕೆ ಕೆರೆಯಾಚೆಯ ಗೋದಾಮಿನಲ್ಲಿ ಇರಬೇಕು.

ಇದು ಮೂರನೆಯ ದಿನ. ಮೊದಲ ದಿನ ತಲುಪಿದ್ದು ಆರೂ ಹತ್ತಕ್ಕೆ. ನಿನ್ನೆ ಐದೂ ಮುಕ್ಕಾಲಿಗೆ. ಇವತ್ತೂ ತಪ್ಪಿದರೆ ಆರು ವಾರಗಳ ದುಡಿಮೆ ನೀರಲ್ಲಿ ಮಾಡಿದ ಹೋಮ. ‘ಆಗೇ ಆಗುತ್ತೆ ಸಾರ್’ ಎಂದು ಮೇಲಧಿಕಾರಿಯ ಎದುರು ಎದೆ ತಟ್ಟಿ ಹೇಳಿ ಬಂದಿದ್ದ. ಆ ಮಾತು ಉಳಿಯಬೇಕಾದರೆ ಈ ಕಾಲುಗಳೇ ಉಳಿಸಬೇಕು.

ಊರೆಂದರೆ ಅದು ಒಂದು ಊರಲ್ಲ. ಮೂಟೆ ಹರಿದು ಚೆಲ್ಲಿದ ಕಾಳಿನ ಹಾಗೆ ಅಲ್ಲೊಂದು ಬಡಾವಣೆ, ಇಲ್ಲೊಂದು ಕಾರ್ಖಾನೆ, ನಡುವೆ ಮೈಲುಗಟ್ಟಲೆ ಬಯಲು. ಆಫೀಸಿನ ಗೋಡೆಯ ನಕ್ಷೆಯಲ್ಲಿ ಕಾರ್ಖಾನೆಯಿಂದ ಗೋದಾಮಿಗೆ ಒಂದೇ ಗೇಣು. ಆ ಗೇಣು ಇಟ್ಟು ಅಳೆದವರೆಲ್ಲ ಗಾಡಿಯಲ್ಲಿ ಓಡಾಡುವವರು. ಅವನೂ ಮೊನ್ನೆಯವರೆಗೆ ಹಾಗೆಯೇ ಅಳೆದಿದ್ದ.

ಮುಂದಿನ ಬಸ್ಸು ಬಂದದ್ದು ಎರಡೂ ಐವತ್ತಕ್ಕೆ. ಕಂಡಕ್ಟರಮ್ಮ ಟಿಕೆಟು ಹರಿಯುತ್ತ ಅವನ ಮುಖ ನೋಡಿದಳು.

“ನಿನ್ನೆನೂ ನೀವೇ ಅಲ್ವಾ?”

“ಹೌದು. ಕೆರೆ ಕಡೆ ಹೋಗೋಕೆ ಎಲ್ಲಿ ಇಳೀಬೇಕು?”

“ನಿನ್ನೆ ಕೇಳಿದ್ದನ್ನೇ ಇವತ್ತೂ ಕೇಳ್ತೀರಲ್ಲ ಅಣ್ಣ. ರಾತ್ರಿ ಕಳೆಯೋದ್ರಲ್ಲಿ ಮರೆತೇಹೋಯ್ತಾ?”

“ಹೊಸಬನಿಗೆ ಹೇಳೋ ಹಾಗೆ ಹೇಳಿ.”

“ಹೊಸಬರಾದ್ರೆ ಮೊದಲು ಕೂತ್ಕೊಳ್ಳಿ. ಕೂಡು ರಸ್ತೆ ಬಂದಾಗ ಕೂಗ್ತೀನಿ.”

ಟಿಕೆಟಿನ ಹಿಂದೆ ಗಂಟೆ ಬರೆದು ಜೇಬಿಗಿಟ್ಟ. ಬಸ್ಸು ಪ್ರತಿ ಬಡಾವಣೆಯ ಹೊಟ್ಟೆಯೊಳಗೂ ನುಗ್ಗಿ ಹೊರಬಂತು. ನೇರ ಹೋಗಬೇಕಾದ ದಾರಿ ಕಿಟಕಿಯಾಚೆ ಕಾಣುತ್ತಲೇ ಇತ್ತು, ಬಸ್ಸು ಮಾತ್ರ ಅದರ ಸಹವಾಸವೇ ಬೇಡವೆಂಬಂತೆ ಸುತ್ತುತ್ತಿತ್ತು. ಅವನು ಹಲ್ಲು ಕಚ್ಚಿ ಕೂತ.

ಕೂಡು ರಸ್ತೆಯಲ್ಲಿ ಇಳಿದಾಗ ಮೂರೂ ಮೂವತ್ತೈದು. ಕಂಬದ ಹಲಗೆಯ ಮೇಲೆ ಮೂರೂ ನಲವತ್ತಕ್ಕೆ ಬಸ್ಸು ಎಂದು ಅಚ್ಚುಕಟ್ಟಾಗಿ ಬರೆದಿತ್ತು. ಮೂರೂ ಐವತ್ತಾಯಿತು. ನಾಲ್ಕಾಯಿತು. ಬೆಂಚಿನ ತುದಿಯಲ್ಲಿ ಒಬ್ಬ ಅಜ್ಜಿ ಗಂಟು ತಬ್ಬಿ ಕೂತಿದ್ದಳು.

“ಅದನ್ನ ಯಾಕೆ ಓದ್ತಾ ನಿಂತೆ ಮಗಾ? ಅದು ಬರೆದವನು ಬಸ್ಸಿಗೆ ಕಾದವನಲ್ಲ.”

“ಇನ್ನಾದ್ರೂ ಬರಲೇಬೇಕಲ್ಲ ಅಜ್ಜಿ?”

“ಬರಲೇಬೇಕು ಅನ್ನೋದು ನಿನ್ನ ಮಾತು. ಬಸ್ಸು ಹಾಗಂದಿದೆಯಾ?”

ಅವನಿಗೆ ನಗು ಬರಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು.

ಆಗ ಒಂದು ಕಾರು ನಿಂತಿತು. ಒಳಗೆ ಗಂಡ, ಹೆಂಡತಿ. ಹೆಂಗಸು ಗಾಜು ಇಳಿಸಿದಳು.

“ಕೆರೆ ಕಡೆಗಾ? ಬನ್ನಿ, ಬಿಡ್ತೀವಿ. ಅಜ್ಜಿ, ನೀವೂ ಬನ್ನಿ.”

ಅಜ್ಜಿ ಎರಡನೆಯ ಮಾತಿಗೆ ಕಾಯದೆ ಗಂಟಿನ ಸಮೇತ ಹತ್ತಿದಳು. ಅವನ ಕಾಲೂ ಆ ಕಡೆ ಹೊರಳಿತು. ಹತ್ತಿದರೆ ನಾಲ್ಕೂವರೆಗೆ ಗೋದಾಮು. ಆಡಿದ ಮಾತು ಉಳಿಯುತ್ತದೆ. ಕೇಳುವವರು ಯಾರೂ ಇರಲಿಲ್ಲ, ದೇವರೊಬ್ಬನನ್ನು ಬಿಟ್ಟು.

“ಬೇಡಮ್ಮ. ನಾನು ಬಸ್ಸಲ್ಲೇ ಹೋಗ್ಬೇಕು.”

“ಹರಕೆ ಏನಾದ್ರೂ ಹೊತ್ತಿದೀರಾ?” ಗಂಡ ಸ್ಟಿಯರಿಂಗಿನ ಮೇಲೆ ತಾಳ ಹಾಕುತ್ತ ಕೇಳಿದ.

“ಹಾಗೇ ಅಂದ್ಕೊಳ್ಳಿ.”

“ಬಿಡೇ, ಜಂಭದವರು,” ಎಂದ ಗಂಡ. ಕಾರು ಹೋಯಿತು.

ಬಸ್ಸು ಬಂದದ್ದು ನಾಲ್ಕೂ ಇಪ್ಪತ್ತಕ್ಕೆ. ಕೆರೆಯ ಈಚೆ ದಡದಲ್ಲಿ ಇಳಿಸಿ ಅದು ಹಿಂದಕ್ಕೆ ತಿರುಗಿತು. ಆಚೆಗೆ ಅದರ ಸರಹದ್ದಿಲ್ಲ. ಅಲ್ಲಿಂದ ನಡಿಗೆ. ಸೇತುವೆಗೆ ಕಾಲುದಾರಿಯಿಲ್ಲ, ಲಾರಿಗಳು ಮೈಗೆ ಗಾಳಿ ಬಡಿಸುತ್ತ ಹಾದವು. ಚೀಲದ ಪಟ್ಟಿ ಹೆಗಲು ಕೊಯ್ಯುತ್ತಿತ್ತು. ಅವನು ಓಡಿದ. ನಿಂತು ಏದುಸಿರು ಬಿಟ್ಟ. ಮತ್ತೆ ಓಡಿದ. ಸೇತುವೆಯ ನಡುವೆ ಗಡಿಯಾರದ ಮುಳ್ಳು ಐದನ್ನು ದಾಟಿತು. ಕೆರೆಗೆ, ಬಸ್ಸಿಗೆ, ನಕ್ಷೆ ಬರೆದವನಿಗೆ ಬಾಯಿಗೆ ಬಂದಂತೆ ಬೈದು, ಆಮೇಲೂ ಓಡಿದ.

ತಲುಪಿದಾಗ ಐದೂ ಮೂವತ್ತೆಂಟು.

ಗೋದಾಮಿಗೆ ಬಾಗಿಲಿರಲಿಲ್ಲ. ಛಾವಣಿಯೂ ಇರಲಿಲ್ಲ. ನಾಲ್ಕು ಕರಿಗಟ್ಟಿದ ಗೋಡೆಗಳ ನಡುವೆ ಬೂದಿ ಮಳೆಗೆ ನೆನೆದು ಹೆಪ್ಪಾಗಿತ್ತು. ಕಾವಲುಗಾರ ಸ್ಟೂಲಿನಿಂದೆದ್ದು ಸೆಲ್ಯೂಟು ಹೊಡೆದ.

“ಇವತ್ತೂ ಲೇಟಾಯ್ತಾ ಸಾಹೇಬ್ರೆ?”

ಅವನು ಗೋಡೆಗೆ ಒರಗಿ ಫೋನು ತೆಗೆದ.

“ಆಗ್ಲಿಲ್ಲ ಸಾರ್.”

“ಮೂರು ದಿನಾನೂ?” ಆ ಕಡೆ ಮೇಲಧಿಕಾರಿ.

“ಮೂರು ದಿನಾನೂ. ಇವತ್ತಂತೂ ಓಡಿದೀನಿ. ಅವನ ಚೀಲದಷ್ಟೇ ಭಾರ ಹೊತ್ಕೊಂಡು.”

“ಏನಯ್ಯಾ ಹೇಳ್ತಿದೀಯ? ಲಾಕಪ್ಪಲ್ಲಿ ಕೂತಿರೋ ಆ ಪರಊರಿನವನು ತಾನೇ ಬರೆದುಕೊಟ್ಟಿದಾನೆ. ಎರಡಕ್ಕೆ ಕಾರ್ಖಾನೆ ಬಿಟ್ಟೆ, ಬಸ್ಸಲ್ಲಿ ಬಂದೆ, ಐದಕ್ಕೆ ಗೋದಾಮಿಗೆ ಬೆಂಕಿ ಇಟ್ಟೆ ಅಂತ. ಅವನದೇ ಕೈಬರಹ.”

“ಕೈಬರಹ ಅವನದೇ ಸಾರ್,” ಎಂದ ಇನ್ಸ್‌ಪೆಕ್ಟರ್. “ಹೇಳಿ ಬರೆಸಿದ್ದು ನಾನು.”