ಹಳದಿ ಹಿಡಿಕೆ

"ಇನ್ನ ಮ್ಯಾಲ ನನ್ನ ಕರಸೂ ಗರಜ ಇಲ್ರಿ, ಆಯಿ," ಅಂದ ಗೀಜರ್ ಮಿಸ್ತ್ರಿ ಗುರುಲಿಂಗ, ನೀರು ಕಾಯಿಸುವ ಸುರುಳಿಗೆ ಅಂಟಿದ ಸುಣ್ಣದ ಚಕ್ಕೆ ಕೆರೆಯುತ್ತ. "ನಿಮ್ಮ ಸೊಸಿ ತರಸಿದ ಫಿಲ್ಟರ್ ಕೂಡ್ಸೀನಿ. ಬೋರಿನ ಸವಳ ನೀರು ಇನ್ನ ಮೆತ್ತಗಾಗಿ ಬರ್ತದ."

ಸುಗಲಾಬಾಯಿ ಬಚ್ಚಲಮನೆಯ ಬಾಗಿಲಿಗೆ ಆತು ನಿಂತೇ ಇದ್ದಳು. ಮಗ, ಸೊಸೆ, ಮೊಮ್ಮಕ್ಕಳದೆಲ್ಲ ಮರಾಠಿ. ತುಂಬಿದ ಈ ಸೊಲ್ಲಾಪುರದ ಮನೆಯೊಳಗೆ ಅವಳ ಕನ್ನಡಕ್ಕೆ ಕನ್ನಡದಾಗ ಓಗೊಡುತ್ತಿದ್ದವನು ಗೀಜರ್ ಕೆಟ್ಟಾಗ ಬರುವ ಈ ಮಿಸ್ತ್ರಿಯೊಬ್ಬನೇ. ಅವನ ಊರೂ ಅವಳ ತವರೂರಾದ ಮೈಂದರ್ಗಿಯೇ.

"ಈ ಹಳದಿ ಹಿಡಿಕಿ ಮಾತ್ರ ಮುಟ್ಟಬ್ಯಾಡ್ರಿ. ತಿರುವಿದ್ರ ಸವಳ ನೀರು ಫಿಲ್ಟರ್ ತಪ್ಪಿಸಿ ಸೀದಾ ಗೀಜರಿಗೆ ಹೋಗಿ ಅದು ಮತ್ತ ಕೆಡ್ತದ."

ಅವನು ಚೀಲ ಹೆಗಲಿಗೇರಿಸಿದ. ಸುಗಲಾಬಾಯಿ ಲಗುಲಗು ಒಳಗೆ ಬಂದು, ಚಾಳೀಸು ಮೂಗಿಗೇರಿಸಿಕೊಂಡು ಹಿಡಿಕೆಯ ಮುಂದೆ ಬಗ್ಗಿದಳು.

"ಇನ್ನೊಮ್ಮೆ ತೋರಸಪಾ, ಯಾವ ಕಡಿ ತಿರುವಬಾರದು?"