ಗೇರ್‌ಬಾಕ್ಸಿನ ಕೆಂಪೆಣ್ಣೆ

ದೀಪಾವಳಿ ಮುಗಿದ ಮರುದಿನ, ಗುರುವಾರ, ಇಬ್ಬನಿ ಇನ್ನೂ ಆರದ ಬೆಳಗಿನಲ್ಲಿ ಮಗಳೂ ಅಳಿಯನೂ ಊರಿಗೆ ಹೊರಟು ನಿಂತಿದ್ದರು. ಕಾರಿನಡಿಯಲ್ಲಿ ಕೆಂಪಗೆ ಏನೋ ಹರಿದಿತ್ತು. ಅಳಿಯ ಬಗ್ಗಿ ನೋಡಿದ, ಆಮೇಲೆ ಮೊಬೈಲು ನೋಡಿದ.

“ಗೇರ್‌ಬಾಕ್ಸ್ ಎಣ್ಣೆ ಸೋರ್ತಿದೆ ಮಾವ. ಹೀಗೇ ಹೋದ್ರೆ ದಾರೀಲಿ ನಿಂತ್ಬಿಡುತ್ತೆ. ಮೆಕ್ಯಾನಿಕ್ ಯಾಕೆ, ನಾನೇ ಸರಿ ಮಾಡ್ತೀನಿ.”

“ನೀರಿನ ಹಾಗಿದೆಯಲ್ಲಪ್ಪ?”

“ಈಗಿನ ಎಣ್ಣೆ ತೆಳುವೇ. ಇದೇನು ನಿಮ್ಮ ಎತ್ತಿನ ಗಾಡಿಯೇ?”

ನನ್ನ ಚಾಪೆ ಹಾಸಿಕೊಂಡು ಕಾರಿನಡಿ ಮಲಗಿ, ನನ್ನ ಪಂಚೆಯಲ್ಲಿ ಒರೆಸಿ, ಕೈಗೆ ಸಿಕ್ಕ ಬೋಲ್ಟನ್ನೆಲ್ಲ ಬಿಗಿದ. ಮರುದಿನ ಬೆಳಿಗ್ಗೆ ಮತ್ತೆ ಕೆಂಪು. ಅದರ ಮರುದಿನವೂ ಅಷ್ಟೇ. ಅವನು ದಿನವೂ ಬೋಲ್ಟು ಬಿಗಿಯುತ್ತಿದ್ದ, ದಿನವೂ ಹೋಳಿಗೆ ತಿನ್ನುತ್ತಿದ್ದ.

“ತುಪ್ಪ ತಳ ಕಂಡಿತು, ನನ್ನ ಸೊಂಟ ಬಿತ್ತು. ಇವರು ಹೊರಡೋದು ಯಾವಾಗ್ರೀ?” ಎಂದು ನನ್ನಾಕೆ ಒಲೆಯ ಮುಂದೆ ಗೊಣಗುತ್ತಿದ್ದಳು.

ಮಂಗಳವಾರ ನಸುಕಿನಲ್ಲಿ ಎದ್ದು ಬಂದರೆ, ಅವಳೇ ಕಾರಿಗೆ ಆರತಿ ಎತ್ತಿ, ತಟ್ಟೆಯ ಕೆಂಪು ನೀರನ್ನು ಅದರಡಿಗೆ ಚೆಲ್ಲುತ್ತಿದ್ದಳು.

“ಏನೇ ಇದು?”

“ಅವರು ಹೊರಡೋ ದಿನಾನೂ ಎತ್ತಿದ್ದೆ, ಪ್ರಯಾಣ ಸುಖವಾಗ್ಲಿ ಅಂತ. ಆದ್ರೂ ಕೆಟ್ಟಿತಲ್ಲ! ಯಾರ ಕಣ್ಣು ಬಿತ್ತೋ. ಬೇಗ ರಿಪೇರಿಯಾಗಿ ತೊಲಗಲಿ ಅಂತ ದಿನಾ ದೃಷ್ಟಿ ತೆಗೀತಿದೀನಿ.”

ಅಂದೇ ಆರತಿ ತಟ್ಟೆಯನ್ನು ಅಟ್ಟದ ಮೇಲೆ ಅಡಗಿಸಿಟ್ಟೆ. ಮರುದಿನ ಬೆಳಿಗ್ಗೆ ಕಾರಿನಡಿ ನೆಲ ಒಣಗಿತ್ತು.

“ನೋಡಿದ್ರಾ ಮಾವ, ನನ್ನ ಕೈಗುಣ!” ಎನ್ನುತ್ತಾ ಅಳಿಯ ಮಗಳನ್ನು ಕೂರಿಸಿಕೊಂಡು ಬುಧವಾರ ಹೊರಟ.